ಕಣ್ಣಿಲ್ಲದೆ ಕಂಡ ರಾಮಾಯಣ: ಸಂಗೀತ ನಿರ್ದೇಶಕ ರವೀಂದ್ರ ಜೈನ್

(ಭಜನಾ ಸಪ್ತಾಹದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಮಾತಿನ ವಿಷಯ ನೋಡಿದ ಹಿರಿಯರೊಬ್ಬರು ಮೊನ್ನೆ ಅಂಗಡಿ ಜಗಲಿಯಲ್ಲಿ, "ಏನು ಮಾಷ್ಟ್ರೇ, ದೇವಸ್ಥಾನದ ವೇದಿಕೆಯಲ್ಲಿ ಈ ವರ್ಷ ಸಿನೆಮಾದವರ ಕತೆಯೋ?" ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಇಲ್ಲಿ ದಾಸರ ಬಗ್ಗೆ, ಶರಣರ ಬಗ್ಗೆ, ಭಾಗವತದ ಬಗ್ಗೆ ಮಾತಾಡುವುದು ನಡೆದುಬಂದ ಕ್ರಮ. ಆದರೆ ಅದೇ ಹಿರಿಯರು ಶನಿವಾರ ಸಂಜೆ ನಮ್ಮ ಮಂದಿರದಲ್ಲಿ ಕಣ್ಣುಮುಚ್ಚಿ, ತೊಡೆ ತಟ್ಟಿ ಹಾಡುವ ಹಿಂದಿ ಭಜನೆಗಳಲ್ಲಿ ಒಂದೆರಡು ಈ ಸಿನೆಮಾದವರದ್ದೇ. ಶ್ಯಾಮನ ಕೊಳಲು ರಾಧೆಯ ಹೆಸರು ಕೂಗುವ ಆ ಹಾಡು ಯಾವುದೋ ಮಥುರೆಯ ಸಾಧುಗಳು ಕಟ್ಟಿದ್ದೆಂದು ನಮ್ಮಲ್ಲಿ ಹಲವರ ನಂಬಿಕೆ. ಅದು 1975ರಲ್ಲಿ ಬಂದ 'ಗೀತ್ ಗಾತಾ ಚಲ್' ಎಂಬ ಚಲಚ್ಚಿತ್ರದ ಹಾಡು. ಸಾಹಿತ್ಯವೂ ರಾಗವೂ ರವೀಂದ್ರ ಜೈನರದ್ದು. ಕಟ್ಟಿದವರ ಹೆಸರು ಮರೆತುಹೋಗುವಷ್ಟು ಜನರ ಬಾಯಿಗೆ ಬಂದಿದೆ ಎಂದಮೇಲೆ ಆ ಹಾಡಿಗೆ ಇನ್ನು ಬೇರೆ ಪ್ರಶಸ್ತಿ ಬೇಡ. ಆದರೂ ಕಟ್ಟಿದವರು ಯಾರು, ಹೇಗೆ ಬದುಕಿದವರು ಎಂಬುದನ್ನು ಒಮ್ಮೆಯಾದರೂ ತಿಳಿಯುವುದು ಹಾಡುವವರ ಋಣವಲ್ಲವೇ?

ರವೀಂದ್ರ ಜೈನರು ಹುಟ್ಟಿದ್ದು 1944ರ ಫೆಬ್ರವರಿ 28ರಂದು, ಉತ್ತರಪ್ರದೇಶದ ಅಲಿಗಢದಲ್ಲಿ. ತಂದೆ ಇಂದ್ರಮಣಿ ಜೈನರು ಸಂಸ್ಕೃತ ಪಂಡಿತರು, ಆಯುರ್ವೇದ ವೈದ್ಯರು. ಏಳು ಗಂಡುಮಕ್ಕಳು, ಒಂದು ಹೆಣ್ಣು ಇದ್ದ ತುಂಬಿದ ಸಂಸಾರ. ಅದರಲ್ಲಿ ಈ ಮಗುವಿಗೆ ಹುಟ್ಟುವಾಗಲೇ ದೃಷ್ಟಿ ಇರಲಿಲ್ಲ. ಆ ಕಾಲದಲ್ಲಿ, ಆ ಸೀಮೆಯಲ್ಲಿ ಇಂಥ ಮಗುವಿನ ಗತಿ ಏನಾಗುತ್ತಿತ್ತೆಂದು ವಿವರಿಸಬೇಕಾಗಿಲ್ಲ. ಮನೆಯವರು ಒಳ್ಳೆಯವರಾದರೆ ಎರಡು ಹೊತ್ತು ಊಟ, ಚಾವಡಿಯ ಮೂಲೆಯಲ್ಲಿ ಒಂದು ಚಾಪೆ. ಇಲ್ಲವಾದರೆ ದೇವಸ್ಥಾನದ ಮೆಟ್ಟಿಲು.

ಈ ತಂದೆ ಹಾಗೆ ಮಾಡಲಿಲ್ಲ. ಮಗುವಿನ ಕಿವಿ ಚುರುಕಾಗಿರುವುದನ್ನು ಗಮನಿಸಿ, ಹತ್ತಿರದ ಜಿನಮಂದಿರಕ್ಕೆ ಕಳುಹಿಸಿ ಭಜನೆ ಹಾಡಿಸಿದರು. ಹಳೆಯ ಜೈನ ಕವಿಗಳ ಪದಗಳನ್ನು ಕೇಳಿ ಕಲಿತು ಅಲ್ಲಿ ಹಾಡುವುದು ಬಾಲಕನ ನಿತ್ಯಕರ್ಮವಾಯಿತು. ಮುಂದೆ ಪಂಡಿತ ಜಿ. ಎಲ್. ಜೈನ್, ಪಂಡಿತ ಜನಾರ್ದನ ಶರ್ಮ, ಪಂಡಿತ ನಾಥೂರಾಮ ಎಂಬ ಗುರುಗಳಲ್ಲಿ ಕ್ರಮವಾಗಿ ಸಂಗೀತ ಕಲಿಸಿದರು. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಮುಂದೆ ಕೋಟಿ ಜನ ಕೇಳಿದ ಆ ಕಂಠಕ್ಕೆ ಮೊದಲ ಸಭೆ ಒಂದು ಊರಿನ ಮಂದಿರದ ಭಜನೆ. ಅಲ್ಲಿ ಯಾರೂ "ಕಣ್ಣಿಲ್ಲದ ಹುಡುಗ, ಹಿಂದೆ ಕೂತುಕೋ" ಎನ್ನಲಿಲ್ಲ.

ಒಬ್ಬ ಜೈನರು ರಾಮಾಯಣ ಹಾಡಿದ್ದು ಹೇಗೆ ಎಂದು ಬೇರೆ ಸೀಮೆಯವರು ಆಶ್ಚರ್ಯಪಟ್ಟಾರು. ನಮಗೆ ಅದೇನೂ ಸೋಜಿಗವಲ್ಲ. ಧರ್ಮಸ್ಥಳದಲ್ಲಿ ಮಂಜುನಾಥಸ್ವಾಮಿಯ ಸನ್ನಿಧಿಗೆ ಜೈನ ಹೆಗ್ಗಡೆಯವರು ಧರ್ಮಾಧಿಕಾರಿಗಳು, ಪೂಜೆಗೆ ಮಾಧ್ವ ಬ್ರಾಹ್ಮಣರು. ಅಲ್ಲಿ ಉಂಡು ಬಂದವರು ಈ ಪ್ರಶ್ನೆಯನ್ನು ಕೇಳುವುದಿಲ್ಲ.

ಅಲಿಗಢದಿಂದ ಅವರು ಕಲ್ಕತ್ತೆಗೆ ಹೋದರು. ಕೆಲವು ವರ್ಷ ಅಲ್ಲಿ ಸಂಗೀತಪಾಠ ಹೇಳುತ್ತಾ ಬಂಗಾಳದ ಜಾನಪದ ಧಾಟಿಗಳನ್ನೂ ರವೀಂದ್ರ ಸಂಗೀತವನ್ನೂ ಕಿವಿತುಂಬ ಕೇಳಿದರು. 1970ರ ಸುಮಾರಿಗೆ ಮುಂಬಯಿಗೆ ಬಂದರು. ಮುಂಬಯಿ ಅಂದರೆ ನಮ್ಮವರಿಗೆ ಗೊತ್ತು. ಇಲ್ಲಿಂದ ಎಷ್ಟು ಮಂದಿ ಹೋಟೇಲು ಕೆಲಸಕ್ಕೆ ಹೋಗಿ, ಹಗಲು ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದಿಲ್ಲ! ಆದರೆ ಕಣ್ಣು ಕಾಣದವರಿಗೆ ಅಲ್ಲಿಯ ರೈಲುಗಾಡಿ ಹತ್ತುವುದೇ ಒಂದು ಯುದ್ಧ. ಹಾರ್ಮೋನಿಯಂ ಒಂದನ್ನು ನಂಬಿ ಅವರು ಆ ಊರಿಗೆ ಇಳಿದರು. 1972ರಲ್ಲಿ 'ಕಾಂಚ್ ಔರ್ ಹೀರಾ' ಎಂಬ ಚಿತ್ರ ಬಂತು. ಮಹಮ್ಮದ್ ರಫಿಯವರು ಅದರಲ್ಲಿ ಹಾಡಿದರು. ಚಿತ್ರ ಓಡಲಿಲ್ಲ, ಹಾಡು ಉಳಿಯಿತು.

ಅದೃಷ್ಟ ತಿರುಗಿದ್ದು 1973ರ 'ಸೌದಾಗರ್'ನಿಂದ. ರಾಜಶ್ರೀ ಸಂಸ್ಥೆಯ ತಾರಾಚಂದ್ ಬಡ್ಜಾತ್ಯರ ಚಿತ್ರ. ನೂತನ್, ಅಮಿತಾಭ್ ಬಚ್ಚನ್ ಅಭಿನಯಿಸಿದ್ದು. ಈಚಲು ಮರದ ರಸ ಇಳಿಸಿ, ಬೆಲ್ಲ ಕಾಯಿಸಿ ಮಾರುವವನ ಕತೆ. ನಮ್ಮಲ್ಲಿ ಓಲೆಬೆಲ್ಲ ಕಾಯಿಸುವ ಮನೆಗಳ ವಾಸನೆ ಬಲ್ಲವರಿಗೆ ಆ ಚಿತ್ರ ಬೇಗ ಹತ್ತಿರವಾಗುತ್ತದೆ. ಬಂಗಾಳದ ಮಣ್ಣಿನ ಕತೆಯಾದ್ದರಿಂದ ಕಲ್ಕತ್ತೆಯಲ್ಲಿ ಕೇಳಿದ್ದೆಲ್ಲ ಅಲ್ಲಿ ಫಲಕ್ಕೆ ಬಂತು. ಅದರ ಧ್ವನಿಮುದ್ರಣ ನಡೆಯುತ್ತಿದ್ದಾಗಲೇ ತಂದೆ ತೀರಿಕೊಂಡ ಸುದ್ದಿ ಬಂತು, ಹಿಡಿದ ಕೆಲಸ ಮುಗಿಸಿಯೇ ಅವರು ಎದ್ದರು ಎಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಮನೆಯಲ್ಲಿ ಸೂತಕದ ಸುದ್ದಿ ಇಟ್ಟುಕೊಂಡು ರಂಗದಲ್ಲಿ ಬೆಳಗಿನ ತನಕ ಕುಣಿದ ಮೇಳದ ಕಲಾವಿದರನ್ನು ಕಂಡ ಊರು ನಮ್ಮದು. ಅದರ ಅರ್ಥ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅನಂತರ ಒಂದರ ಹಿಂದೆ ಒಂದು: 1974ರಲ್ಲಿ 'ಚೋರ್ ಮಚಾಯೇ ಶೋರ್', 1975ರಲ್ಲಿ 'ಗೀತ್ ಗಾತಾ ಚಲ್', 1976ರಲ್ಲಿ 'ಚಿತ್‌ಚೋರ್', 1977ರಲ್ಲಿ 'ದುಲ್ಹನ್ ವಹೀ ಜೋ ಪಿಯಾ ಮನ್ ಭಾಯೇ', 1978ರಲ್ಲಿ 'ಅಖಿಯೋಂ ಕೇ ಝರೋಖೋಂ ಸೇ', 1982ರಲ್ಲಿ 'ನದಿಯಾ ಕೇ ಪಾರ್'. ಪಟ್ಟಿ ಓದುತ್ತಾ ಹೋದರೆ ನೈವೇದ್ಯದ ಹೊತ್ತು ಮೀರೀತು. ಅದು ಹೊಡೆದಾಟದ ಚಿತ್ರಗಳು ವಿಜೃಂಭಿಸಿದ ಕಾಲ. ಆಗ ಹಳ್ಳಿ, ಹೊಳೆ, ಎತ್ತಿನಗಾಡಿ, ಅತ್ತಿಗೆ ಮೈದುನರ ಮನೆಮಾತನ್ನು ಹಾಡಾಗಿಸಿ ಗೆದ್ದವರು ಇವರು. ಸಾಹಿತ್ಯ ಇನ್ನೊಬ್ಬರಿಂದ ಬರೆಸಬೇಕಾದ ಅಗತ್ಯವೂ ಅವರಿಗೆ ಹೆಚ್ಚಾಗಿ ಬೀಳಲಿಲ್ಲ. ಪದವೂ ಧಾಟಿಯೂ ಒಟ್ಟಿಗೇ ಹುಟ್ಟುತ್ತಿದ್ದವು. ನಮ್ಮ ದಾಸರು ಬೇರೇನು ಮಾಡಿದರು?

'ಚಿತ್‌ಚೋರ್' ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅಲ್ಲಿಂದ ನಮ್ಮ ಕಡೆಗೆ ಒಂದು ದಾರಿ ಉಂಟು. ಅದರಲ್ಲಿ ಹಾಡಿದವರು ಯೇಸುದಾಸರು. ಕೇರಳದ ಕಂಠಕ್ಕೆ ಹಿಂದಿಯ ಹಳ್ಳಿಹಾಡು ಒಗ್ಗೀತೇ ಎಂಬ ಸಂಶಯ ಆಗ ಇದ್ದಿರಬಹುದು. ಆ ಚಿತ್ರದ ಹಾಡಿಗೆ ಅವರಿಗೆ 1976ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಜೊತೆಗೆ ಹಾಡಿದ ಹೇಮಲತಾ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಸಿಕ್ಕಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾ ಎಂದು ಕರೆಯುವ ಹಾಡು ಅದರಲ್ಲಿದೆ. ಯಮನ್ ರಾಗ, ಅಂದರೆ ನಮ್ಮ ಕಲ್ಯಾಣಿ. ನನ್ನ ಎಣಿಕೆಯಲ್ಲಿ ಜೈನರ ಸಿನೆಮಾ ಹಾಡುಗಳಲ್ಲಿ ಅದಕ್ಕೆ ಅಗ್ರಪೂಜೆ ಸಲ್ಲಬೇಕು. ಶೃಂಗಾರದ ಹಾಡೇ ಸರಿ, ಆದರೆ ಮುಸ್ಸಂಜೆಯಲ್ಲಿ ಕೇಳಿದರೆ ಕಾಲಿನ ಚಪ್ಪಲಿ ತಾನಾಗಿ ಕಳಚಿಡಬೇಕು ಅನ್ನಿಸುತ್ತದೆ. ತನಗೆ ದೃಷ್ಟಿ ಬಂದರೆ ಮೊದಲು ನೋಡಬೇಕಾದದ್ದು ಯೇಸುದಾಸರ ಮುಖವನ್ನು ಎಂದು ಜೈನರು ಹೇಳಿದ್ದು ಪ್ರಸಿದ್ಧವಾದ ಮಾತು. ಹಲವು ವರ್ಷ ತಮ್ಮ ಹುಟ್ಟುಹಬ್ಬಕ್ಕೆ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಮುಂದೆ ಕುಳಿತು ಹಾಡಿದ ಆ ಯೇಸುದಾಸರನ್ನು ನಮ್ಮಲ್ಲಿ ಎಷ್ಟೋ ಮಂದಿ ಹತ್ತಿರದಿಂದಲೇ ನೋಡಿದ್ದಾರೆ. ಜೈನರಿಗೆ ಸಿಗದ ಆ ಭಾಗ್ಯ ನಮಗೆ ಒಂದು ಬಸ್ಸಿನ ಟಿಕೇಟಿಗೆ ಸಿಕ್ಕಿದೆ.

ಮರುವರ್ಷ, 1977ರಲ್ಲಿ, ಹರಿಹರನ್ ನಿರ್ದೇಶಿಸಿದ 'ಸುಜಾತ' ಎಂಬ ಮಲಯಾಳ ಚಿತ್ರಕ್ಕೂ ಜೈನರು ಸಂಗೀತ ಕೊಟ್ಟರು. ಅದರಲ್ಲಿ ಯೇಸುದಾಸರೂ ಆಶಾ ಭೋಸ್ಲೆಯವರೂ ಹಾಡಿದ್ದಾರೆ. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಕಛೇರಿಯಲ್ಲಿ ಮತ್ತೊಂದು ಆಡುವ ನಮಗೆ, ತಿಳಿಯದ ಭಾಷೆಗೆ ಸ್ವರ ಕೂಡಿಸುವ ಕಷ್ಟ ಸ್ವಲ್ಪ ಅರ್ಥವಾದೀತು.

ಹೊಸಬರನ್ನು ಹುಡುಕಿ ಹಾಡಿಸುವುದು ಅವರ ಸ್ವಭಾವ. 'ಗೀತ್ ಗಾತಾ ಚಲ್'ಗೆ ಜಸ್‌ಪಾಲ್ ಸಿಂಗ್. ಒಂದು ಗಾಯನಸ್ಪರ್ಧೆಯ ತೀರ್ಪುಗಾರರಾಗಿ ಹೋದಲ್ಲಿ ಗೆದ್ದ ಯುವಕ ಸುರೇಶ್ ವಾಡ್ಕರರಿಗೆ 1977ರ 'ಪಹೇಲಿ'ಯಲ್ಲಿ ಅವಕಾಶ. ತೀರ್ಪು ಕೊಟ್ಟು, ಶಾಲು ಹೊದ್ದು ಮನೆಗೆ ಹೋಗುವ ತೀರ್ಪುಗಾರರೇ ಹೆಚ್ಚಾದ ಲೋಕದಲ್ಲಿ ಇದು ದೊಡ್ಡ ಮಾತು.

ಇನ್ನು ಒಂದು ಚಿತ್ರದ ಹೆಸರು ಎತ್ತುವಾಗ ಮಾತೆಯರ ಕಡೆ ನೋಡಲು ಸ್ವಲ್ಪ ಸಂಕೋಚವಾಗುತ್ತದೆ. 1985ರ 'ರಾಮ್ ತೇರೀ ಗಂಗಾ ಮೈಲೀ'. ರಾಜ್ ಕಪೂರರು ನಿರ್ದೇಶಿಸಿದ ಕೊನೆಯ ಚಿತ್ರ. ಅದರ ಕೆಲವು ದೃಶ್ಯಗಳ ಬಗ್ಗೆ ಆಗ ಎದ್ದ ಗದ್ದಲ ಹಿರಿಯರಿಗೆ ನೆನಪಿರಬಹುದು. ರಾಧೆಯೊಬ್ಬಳು, ಮೀರೆಯೊಬ್ಬಳು, ಇಬ್ಬರೂ ಶ್ಯಾಮನನ್ನೇ ಬಯಸಿದವರು, ಆದರೆ ಆ ಬಯಕೆಯಲ್ಲಿ ವ್ಯತ್ಯಾಸವೇನು ಎಂದು ಕೇಳುವ ಒಂದು ಹಾಡು ಅದರಲ್ಲಿದೆ. ಸಮಾರಂಭವೊಂದರಲ್ಲಿ ಜೈನರು ಅದನ್ನು ಹಾಡುವಾಗ ರಾಜ್ ಕಪೂರರು ಕೇಳಿ, ಆ ಹಾಡನ್ನು ತನಗೇ ಕೊಡಬೇಕೆಂದು ಹಿಡಿದರಂತೆ. ಆ ಚಿತ್ರದ ಸಂಗೀತಕ್ಕೆ ಜೈನರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು. ತೆರೆಯ ಮೇಲೆ ಏನು ತೋರಿಸಿದರೋ ಅದು ತೋರಿಸಿದವರಿಗೆ ಸೇರಿದ್ದು. ಜೈನರು ಆ ತೆರೆಯನ್ನು ನೋಡಿದವರೇ ಅಲ್ಲ. ಅವರು ಕಟ್ಟಿದ್ದು ಹಾಡನ್ನು. ಕಣ್ಣುಮುಚ್ಚಿ ಕೇಳಿದರೆ ಅದು ಶುದ್ಧ ಭಜನೆ.

ಈಗ ರಾಮಾಯಣಕ್ಕೆ ಬರುತ್ತೇನೆ.

1987ರ ಜನವರಿ 25, ಆದಿತ್ಯವಾರ. ದೂರದರ್ಶನದಲ್ಲಿ ರಮಾನಂದ ಸಾಗರರ 'ರಾಮಾಯಣ' ಆರಂಭವಾಯಿತು. 1988ರ ಜುಲೈ 31ರ ತನಕ, ಆದಿತ್ಯವಾರ ಬೆಳಗ್ಗೆ ಒಂಬತ್ತೂವರೆಗೆ, ಒಟ್ಟು 78 ಕಂತು. ಮೊದಲು ಆಲೋಚಿಸಿದ್ದು 52 ಕಂತು ಮಾತ್ರ. ಜನ ಬಿಡಲಿಲ್ಲ. ಮುಗಿದಮೇಲೂ ಬಿಡಲಿಲ್ಲ. ಉತ್ತರಕಾಂಡವೂ ಬೇಕೆಂದು ಉತ್ತರಭಾರತದ ಕೆಲವು ಪೇಟೆಗಳಲ್ಲಿ ವಾಲ್ಮೀಕಿಯನ್ನು ತಮ್ಮ ಮೂಲಪುರುಷನೆಂದು ಪೂಜಿಸುವ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. ರಾಮಾಯಣದ ಒಂದು ಕಾಂಡಕ್ಕಾಗಿ ಕೆಲಸ ನಿಂತದ್ದು ಚರಿತ್ರೆಯಲ್ಲಿ ಇನ್ನೆಲ್ಲಿ ಉಂಟು?

ನಮ್ಮ ಊರಲ್ಲಿ ಆಗ ಟಿ.ವಿ. ಇದ್ದ ಮನೆ ಬೆರಳೆಣಿಕೆಯವು. ತೆಂಗಿನಮರಕ್ಕಿಂತ ಎತ್ತರದ ಕಂಬಕ್ಕೆ ಆಂಟೆನಾ ಕಟ್ಟಿ, ಒಬ್ಬ ಅದನ್ನು ತಿರುಗಿಸುತ್ತಾ "ಬಂತೋ?" ಎಂದು ಕೂಗುವುದು, ಒಳಗಿಂದ "ಬಂತು, ಬಂತು... ಹೋಯ್ತು" ಎನ್ನುವುದು, ಇದು ಆದಿತ್ಯವಾರದ ಮಂಗಳವಾದ್ಯ. ಎಷ್ಟೋ ಸಲ ಚಿತ್ರಕ್ಕೆ ಬದಲು ಹಿಮ ಬಿದ್ದಂತೆ ಬಿಳಿ ಚುಕ್ಕೆಗಳೇ. ಆದರೆ ಸ್ವರ ಬರುತ್ತಿತ್ತು. ಹಿಂದಿಯ ಒಂದು ಅಕ್ಷರ ತಿಳಿಯದ ಅಜ್ಜಿಯಂದಿರು ಆ ಸ್ವರಕ್ಕೇ ಕೈಮುಗಿದು ಕುಳಿತಿರುತ್ತಿದ್ದರು. ಜಟಾಯು ಬಿದ್ದದ್ದು, ಭರತ ಪಾದುಕೆ ಹೊತ್ತದ್ದು ಅವರಿಗೆ ಗೊತ್ತಾಗುತ್ತಿದ್ದದ್ದು ಹಾಡಿನಿಂದ. ಅಂದರೆ ಆ ದಿನ ನಾವೆಲ್ಲರೂ ರಾಮಾಯಣವನ್ನು ಹೆಚ್ಚುಕಡಿಮೆ ಜೈನರು ಕಂಡ ಹಾಗೆಯೇ ಕಂಡೆವು.

ಸಾಗರರು ಆ ಧಾರಾವಾಹಿಯಲ್ಲಿ ಜೈನರಿಗೆ ವಹಿಸಿದ ಕೆಲಸ ಯಾವುದೆಂದು ಅರ್ಥಮಾಡಿಕೊಳ್ಳಲು ನಮ್ಮ ಆಟ ನೋಡಿದವರಿಗಿಂತ ಯೋಗ್ಯರಿಲ್ಲ. ಸಿನೆಮಾದಲ್ಲಿ ಪಾತ್ರಧಾರಿಯೇ ಹಾಡಿದಂತೆ ತುಟಿ ಆಡಿಸುತ್ತಾನೆ. ಇಲ್ಲಿ ಹಾಗಲ್ಲ. ರಾಮ ನಡೆಯುತ್ತಾನೆ, ಹಿಂದಿನಿಂದ ಒಂದು ಕಂಠ ಅವನ ಮನಸ್ಸನ್ನು ಹಾಡುತ್ತದೆ. ಒಮ್ಮೆ ತುಲಸೀದಾಸರ ಚೌಪಾಯಿ, ಒಮ್ಮೆ ಜೈನರೇ ಸರಳ ಹಿಂದಿಯಲ್ಲಿ ಕಟ್ಟಿದ ಪದ. ಕತೆಯ ಕೊಂಡಿ ಕೂಡಿಸುವುದು, ಮುಂದಿನ ಸನ್ನಿವೇಶಕ್ಕೆ ಬಾಗಿಲು ತೆರೆಯುವುದು, ದುಃಖದಲ್ಲಿ ವಿಳಂಬ, ಯುದ್ಧದಲ್ಲಿ ತ್ವರಿತ. ಇದು ಭಾಗವತರ ಕೆಲಸವಲ್ಲದೆ ಮತ್ತೇನು? ಜಾಗಟೆ ಇಲ್ಲ, ಚೆಂಡೆ ಇಲ್ಲ ಎಂಬುದು ಬಿಟ್ಟರೆ, ಆ ರಾಮಾಯಣಕ್ಕೆ ಭಾಗವತರು ರವೀಂದ್ರ ಜೈನ್. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ಪದ್ಯ ಮುಂದೆ ಹೋಗಿ ವೇಷ ಹಿಂದೆ ಬರುವ ಕ್ರಮ ಕಂಡು ಬೆಳೆದ ನಮಗೆ ದಿಲ್ಲಿಯಿಂದ ಬಂದ ಆ ಹಿಂದಿ ರಾಮಾಯಣ ಅಷ್ಟು ಬೇಗ ಮನೆಯದಾದದ್ದರ ಗುಟ್ಟು ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಅವರ ಹಾರ್ಮೋನಿಯಂ ಕೂಡ ನಮ್ಮ ಹಳೆಯ ಭಜನೆಯವರ ಕೈಯಂತೆಯೇ, ಹಾಡನ್ನು ಹಿಡಿದುಕೊಂಡು ನಡೆಯುತ್ತದೆ, ಮುಂದೆ ಹಾರುವುದಿಲ್ಲ.

ಇದೇನೂ 1987ರಲ್ಲಿ ಒಮ್ಮೆಲೇ ಆದ ಪವಾಡವಲ್ಲ. ಹನ್ನೆರಡು ವರ್ಷ ಮೊದಲೇ, 'ಗೀತ್ ಗಾತಾ ಚಲ್'ನಲ್ಲಿ, ಮಾನಸದ ಚೌಪಾಯಿಗಳನ್ನು ಅವರು ಜಸ್‌ಪಾಲ್ ಸಿಂಗರಿಂದ ಹಾಡಿಸಿದ್ದರು. ಬೀಜ ಬಿದ್ದದ್ದು ಅಲ್ಲಿ. ಅದಕ್ಕೂ ಹಿಂದೆ ಅಲಿಗಢದ ಮಂದಿರದಲ್ಲಿ.

ಹೊಗಳಿಕೆಯೇ ಆಗಬಾರದು. ಆ 78 ಕಂತುಗಳ ಸಂಗೀತದಲ್ಲಿ ಎಳೆದದ್ದು ಉಂಟು. ಒಂದು ಕಣ್ಣೀರಿಗೆ ಮೂರು ಪದ್ಯ ಬಂದಲ್ಲಿ ನಮ್ಮ ಬಲಿಪರಂಥ ಹಳೆಯ ಭಾಗವತರಾದರೆ ಒಂದರಲ್ಲಿ ಮುಗಿಸುತ್ತಿದ್ದರು. ಬಾಣಕ್ಕೆ ಬಾಣ ಬಡಿಯುವಾಗಿನ ವಾದ್ಯದ ಸದ್ದು ಮಕ್ಕಳಿಗೆ ಖುಷಿ, ಕಿವಿಗೆ ಶಿಕ್ಷೆ. ವಾರವಾರ ಅಷ್ಟು ಹಾಡು ಒದಗಿಸಬೇಕಾದ ಅವಸರದಲ್ಲಿ ಎಲ್ಲವೂ ರತ್ನವಾಗಲು ಸಾಧ್ಯವಿಲ್ಲ. ಮುಂದೆ 'ಲವ ಕುಶ', 1990ರ ದಶಕದ 'ಶ್ರೀಕೃಷ್ಣ' ಧಾರಾವಾಹಿಗಳಿಗೂ ಅವರದ್ದೇ ಸಂಗೀತ. ನಡುವೆ 1991ರಲ್ಲಿ 'ಹೆನ್ನಾ' ಚಿತ್ರ, ದೂರದರ್ಶನದ 'ಅಲಿಫ್ ಲೈಲಾ'. ರಾಮನಿಗೆ ಹಾಡಿದ ಬಾಯಿಯಿಂದಲೇ ಅರಬ್ಬೀ ಕತೆಗಳ ಹಾಡೂ ಬಂತು. ಎರಡರಲ್ಲೂ ಕೃತಕತೆ ಇಲ್ಲ.

2015ರಲ್ಲಿ ಸರಕಾರ ಪದ್ಮಶ್ರೀ ಕೊಟ್ಟಿತು. ಅದೇ ವರ್ಷ ಅಕ್ಟೋಬರ್ 9ರಂದು ಮುಂಬಯಿಯಲ್ಲಿ ಅವರು ತೀರಿಕೊಂಡರು. 71 ವರ್ಷ.

ಅಲ್ಲಿಗೆ ಮುಗಿಯಲಿಲ್ಲ. 2020ರ ಮಾರ್ಚ್ ತಿಂಗಳನ್ನು ನಮ್ಮ ಜಿಲ್ಲೆಯವರು ಮರೆಯುವ ಹಾಗಿಲ್ಲ. ಕೊರೋನದ ದಿಗ್ಬಂಧನ. ಮಂಗಳೂರಿಗೆ ಹೋಗುವ ದಾರಿಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ಗಡಿ ಮುಚ್ಚಿ, ಆಸ್ಪತ್ರೆಗೆ ಹೋಗಬೇಕಾದ ರೋಗಿಗಳು ಈಚೆಯೇ ಉಳಿದ ದಿನಗಳು ಅವು. ಮಂದಿರದ ಬಾಗಿಲು ಮುಚ್ಚಿತ್ತು. ಶನಿವಾರದ ಭಜನೆ ನಿಂತಿತ್ತು. ಆ ಮಾರ್ಚ್ 28ರಿಂದ ದೂರದರ್ಶನ ಹಳೆಯ ರಾಮಾಯಣವನ್ನು ಪುನಃ ಪ್ರಸಾರ ಮಾಡಿತು. ಆಗ ಅಪ್ಪನ ತೊಡೆಯಲ್ಲಿ ಕುಳಿತು ನೋಡಿದ ಮಕ್ಕಳು ಈಗ ತಮ್ಮ ಮಕ್ಕಳನ್ನು ತೊಡೆಯಲ್ಲಿ ಕೂರಿಸಿಕೊಂಡು ನೋಡಿದರು. ಅರಮನೆಯ ಗೋಡೆ ಬಣ್ಣ ಬಳಿದ ರಟ್ಟೆಂದು ಈಗಿನ ಮಕ್ಕಳು ನಕ್ಕರು. ಹಾಡು ಬಂದಾಗ ಮಾತ್ರ ನಗಲಿಲ್ಲ. ಮನೆಮನೆಯಲ್ಲಿ ಬೀಗ ಹಾಕಿದ ಆ ಸಂಜೆಗಳಲ್ಲಿ, ಐದು ವರ್ಷದ ಹಿಂದೆ ತೀರಿಕೊಂಡವರೊಬ್ಬರು ನಮ್ಮ ನಿಂತ ಭಜನೆಯನ್ನು ನಡೆಸಿಕೊಟ್ಟರು.

ಭಕ್ತಬಾಂಧವರೇ, ಇಷ್ಟು ಹೇಳಿದ್ದು ಇನ್ನೊಂದು ಮಾತಿಗೆ ಪೀಠಿಕೆಯಾಗಿ. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಸೀಮೆ ನಮ್ಮದು. ಆ ಸಿಂಪಡಣೆ 2000ನೇ ಇಸವಿಯಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ಅದನ್ನು ನಿಷೇಧಿಸಿತು. ಆದರೆ ಎಣ್ಮಕಜೆ, ಪಡ್ರೆಯಿಂದ ಹಿಡಿದು ಎಷ್ಟೋ ಊರುಗಳ ಮನೆಗಳಲ್ಲಿ ಕೈಕಾಲಿಗೆ ಬಲವಿಲ್ಲದ, ಕಣ್ಣು ಕಾಣದ, ಮಾತು ತೊದಲುವ ಮಕ್ಕಳನ್ನು ತಾಯಂದಿರು ಇಂದಿಗೂ ಎತ್ತಿಕೊಂಡು ಸಾಕುತ್ತಿದ್ದಾರೆ. ಇವರಲ್ಲಿ ಎಷ್ಟು ಮಂದಿಯನ್ನು ನಾವು ಭಜನೆಗೆ ಕರೆದಿದ್ದೇವೆ? ಬ್ರಹ್ಮಕಲಶಕ್ಕೆ ಲಕ್ಷಗಟ್ಟಲೆ ಕೂಡಿಸಿದೆವು, ಒಳ್ಳೆಯದಾಯಿತು. ಗಾಲಿಕುರ್ಚಿ ಒಳಗೆ ಬರುವ ಹಾಗೆ ಮಂದಿರದ ಮೆಟ್ಟಿಲ ಪಕ್ಕ ಒಂದು ಇಳಿಜಾರು ಮಾಡಲು ಎಷ್ಟು ಸಿಮೆಂಟು ಬೇಕು? ನಾನು ಮೇಸ್ತ್ರಿಯವರನ್ನು ಕೇಳಿದೆ. ಒಂದು ದಿನದ ಕೆಲಸ ಎಂದರು.

ಶನಿವಾರ ಅಜ್ಜಿಯ ಕೈಹಿಡಿದು ಬಂದು, ಕಂಬದ ಹಿಂದೆ ಕುಳಿತುಕೊಳ್ಳುವ ಒಬ್ಬ ಹುಡುಗನನ್ನು ನೀವೆಲ್ಲ ನೋಡಿದ್ದೀರಿ. ಅವನಿಗೆ ಕಣ್ಣು ಕಾಣುವುದಿಲ್ಲ. ಗಣಪತಿ ಸ್ತುತಿಯಿಂದ ಮಂಗಳದ ತನಕ ಎಲ್ಲ ಪದಗಳೂ ಅವನಿಗೆ ಬಾಯಿಪಾಠ. ಹಾಡುವವರು ಶ್ರುತಿ ಬಿಟ್ಟಾಗ ಅವನ ತಲೆ ತಿರುಗುವುದನ್ನು ನಾನು ಗಮನಿಸಿದ್ದೇನೆ, ಮುಂದೆ ಕುಳಿತವರಿಗೆ ಅದು ಕಾಣುವುದಿಲ್ಲ. ಉಗ್ರಾಣದಲ್ಲಿ ಹಳೆಯ ಹಾರ್ಮೋನಿಯಂ ಒಂದು ಇಲಿಗಳ ವಶದಲ್ಲಿದೆ. ತಿದಿ ಹರಿದಿದೆ, ಎರಡು ಮನೆ ಮೂಕವಾಗಿವೆ. ರಿಪೇರಿಯ ಖರ್ಚು ನನ್ನ ಲೆಕ್ಕಕ್ಕಿರಲಿ. ಭಜನೆಗೆ ಒಂದು ಗಂಟೆ ಮೊದಲು ಬಂದು ಅವನಿಗೆ ಸ್ವರಸ್ಥಾನ ಹೇಳಿಕೊಡುವವರು ಈ ಸಭೆಯಲ್ಲಿ ಇಬ್ಬರಾದರೂ ಇದ್ದಾರೆ, ಹೆಸರು ಹೇಳುವುದಿಲ್ಲ, ಅವರಿಗೆ ಗೊತ್ತಾಗಿದೆ. ಸಮಿತಿಯವರು ನಾಳಿನ ಸಭೆಯಲ್ಲಿ ಇಳಿಜಾರಿನ ವಿಷಯವನ್ನೂ ಇದನ್ನೂ ಒಟ್ಟಿಗೆ ತೀರ್ಮಾನಿಸಿದರೆ ಮುಂದಿನ ಶನಿವಾರವೇ ಪಾಠ ಆರಂಭಿಸಬಹುದು.

ಮಹಾಪೂಜೆಯ ಗಂಟೆ ಕೇಳಿಸುತ್ತಿದೆ.